ಮೂವತ್ತೊಂದನೆಯ ಸಾಲು

ಅವಳು ಫೋನು ಮಾಡಿದ್ದು ಒಂದು ಮಂಗಳವಾರ, ಊಟದ ಹೊತ್ತು.
ನನ್ನ ಒಂದು ಕೈಯಲ್ಲಿ ಸ್ಯಾಂಡ್‌ವಿಚ್ಚು, ಇನ್ನೊಂದರಲ್ಲಿ
ಯಾರದೋ ಸಕ್ಕರೆಯ ವರದಿ.
"ನಾನು ವನೀಟಾ ಕ್ರಾಯ್ಚೆಕ್,
ಹದಿನಾಲ್ಕು ವರ್ಷದಿಂದ ರಾತ್ರಿಪಾಳಿಯ ನರ್ಸು,
ಈಗ ನರ್ಸ್ ಪ್ರಾಕ್ಟೀಷನರ್ ಓದುತ್ತಿದ್ದೇನೆ.
ನಿಮ್ಮ ಕ್ಲಿನಿಕ್ಕಿನಲ್ಲಿ ಕಲಿಯಲು ಸ್ವಲ್ಪ ಜಾಗ..."
ಬಸ್ಸಿನಲ್ಲಿ ಸರಿದು ಕೂರಿ ಅನ್ನುವ ಹಾಗೆ.

ಇಲ್ಲ, ಎಂದೆ.
ಎರಡು ಕೋಣೆ, ಒಂದು ತಕ್ಕಡಿ,
ಇಡೀ ಕೌಂಟಿಗೆ ನಾನೊಬ್ಬಳು,
ಮೂರನೆಯ ಕುರ್ಚಿ ಕೂಡ ಇಲ್ಲಮ್ಮ.
ಎಲ್ಲ ನಿಜವೇ.
ನಿಜವನ್ನು ಅಡ್ಡ ಹಿಡಿದೂ ಬಾಗಿಲು ಮುಚ್ಚಬಹುದು.

ನೆಬ್ರಾಸ್ಕದ ಈ ಮರಳುಗುಡ್ಡಗಳಲ್ಲಿ
ಮನುಷ್ಯರಿಗಿಂತ ದನ ಹೆಚ್ಚು.
ದನಕ್ಕೆ ಮೂವರು ವೈದ್ಯರು.

ಕಾಲೇಜು ಆರಿಸಿದ ಕತೆ ಆಮೇಲೆ ಹೇಳಿದಳು.
ಅಡಿಗೆಮನೆಯ ಮೇಜಿನ ಮೇಲೆ ಮೂರು ಕೈಪಿಡಿ,
ಮೂರರ ಮೇಲೂ ನಗುವ ಹುಡುಗಿ,
ಕಲೆಯಿಲ್ಲದ ಬಿಳಿ ಕೋಟು.
ಒಮಾಹಾದ್ದು ಜಾಗ ತಾನೇ ಹುಡುಕಿಕೊಡುತ್ತದೆ;
ಆ ಶುಲ್ಕಕ್ಕೆ ಒಂದು ಟ್ರ್ಯಾಕ್ಟರು ಬಂದೀತು.
ಎರಡನೆಯದು ವಾರಕ್ಕೆರಡು ದಿನ ಬಾ ಎನ್ನುತ್ತದೆ;
ಐದು ಗಂಟೆಯ ದಾರಿ, ಮಗಳು ಜೂನಿಗೆ ಇನ್ನೂ ಒಂಬತ್ತು.
ಮೂರನೆಯದು ಅಗ್ಗ, ಮನೆಯಲ್ಲೇ ಕೂತು ಓದು.
ಗಂಡ ಡೆಲ್ಬರ್ಟ್ ಕೂಡಿ ಕಳೆದು ಅದಕ್ಕೇ ಬೆರಳಿಟ್ಟ.
ಹನ್ನೊಂದನೇ ಪುಟದಡಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ:
ತರಬೇತಿಯ ಜಾಗವನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳತಕ್ಕದ್ದು.

"ಓದಿದ್ದೆ," ಅಂದಳು. "ಆದರೆ
ಹದಿನಾಲ್ಕು ವರ್ಷ ಯಾರು ಗಂಟೆ ಒತ್ತಿದರೂ ಎದ್ದು ಹೋದವಳು.
ನಾನು ಒತ್ತಿದರೆ ಒಬ್ಬರಾದರೂ ಬಂದಾರು ಅಂದುಕೊಂಡೆ."

ಹನ್ನೊಂದು ದಿನ ಬಿಟ್ಟು ಮತ್ತೆ ಕರೆ.
ಬೆಳಗಿನ ಜಾವ ನಾಲ್ಕಕ್ಕೆ, ಕ್ಲಿನಿಕ್ಕಿನ ಯಂತ್ರದಲ್ಲಿ ಅವಳ ದನಿ:
"ನಾನು ವನೀಟಾ, ಹಿಂದೆ ಒಮ್ಮೆ..."
ಹಿಂದೆ ಎಲ್ಲೋ ಬೀಪ್ ಬೀಪ್.
"ಒಂದು ನಿಮಿಷ," ಎಂದಳು.
ಫೋನು ಕೆಳಗಿಟ್ಟ ಸದ್ದು. ಕಟ್ಟು ಮಾಡಲು ಮರೆತಿದ್ದಾಳೆ.
ಓಡುವ ರಬ್ಬರು ಹೆಜ್ಜೆ. ಪರದೆ ಸರಿದ ಸದ್ದು.
ಆಮೇಲೆ ದೂರದಿಂದ, ಕುದುರೆಯ ಕೊರಳು ಸವರುವ ದನಿಯಲ್ಲಿ:
ಬಿಡಿ, ಉಸಿರು ಬಿಡಿ, ಇಲ್ಲೇ ಇದ್ದೀನಿ,
ಏನೂ ಅವಸರವಿಲ್ಲ.
ನಾಲ್ಕು ನಿಮಿಷ. ಮಾತು ಮುಗಿಸಲು ಅವಳು ಮರಳಲೇ ಇಲ್ಲ;
ಯಂತ್ರಕ್ಕೇ ಸಾಕಾಯಿತು.
ನಾನು ಕೋಟು ಬಿಚ್ಚದೆ, ನಿಂತೇ ಕೇಳಿದೆ.

ಗುರುವಾರ ಬಾ, ಎಂದೆ. ಕುರ್ಚಿ ನೀನೇ ತಾ.

ಆ ಗುರುವಾರ ಬರಲು ಏಳು ವಾರ ಹಿಡಿಯಿತು.
ಕಾಲೇಜಿಗೆ ನನ್ನ ಪರವಾನಗಿಯ ನಕಲು ಬೇಕು,
ಅವಳ ಚುಚ್ಚುಮದ್ದಿನ ಚೀಟಿ, ವಿಮೆ, ಒಪ್ಪಂದ,
ಒಪ್ಪಂದಕ್ಕೊಂದು ತಿದ್ದುಪಡಿ.
ಕೊನೆಗೆ ಬಂದಳು, ನೂರಿಪ್ಪತ್ತು ಮೈಲಿ,
ಮೀನು ಹಿಡಿಯುವವರ ಮಡಚು ಕುರ್ಚಿ ಹೊತ್ತುಕೊಂಡು,
ತೋಳಿನಲ್ಲಿ ಬಿಯರಿಗೊಂದು ಗುಂಡಿ. ಅದರಲ್ಲಿ ಪೆನ್ನಿಟ್ಟಳು.

ಮೊದಲ ಸಲ ಅವಳು ಒಬ್ಬಳೇ ಒಬ್ಬ ಮುದುಕನ ಎದೆ ಕೇಳುವಾಗ
ನಾನು ಬಾಗಿಲ ಹೊರಗೆ,
ನನ್ನ ಎರಡು ಕೈಗಳನ್ನು ಎಲ್ಲಿಡುವುದೋ ತಿಳಿಯದೆ.

ಜನವರಿಯ ಒಂದು ಸಂಜೆ ಅವಳ ಕಾರಿನ ಗಾಜಿಗೆ ಮಂಜು.
ಕೆರೆಯುವ ಚಪ್ಪಟೆಗಾಗಿ ಕೈಯಾಡಿಸಿದರೆ ಸಿಕ್ಕಿತು ನೋಟುಬುಕ್ಕು.
ಸಾಲು ಸಾಲು ಹೆಸರು, ಊರು, ಎದುರಿಗೆ ಇಲ್ಲ.
ಇಲ್ಲ. ಮರಳಿ ಕರೆಯಲಿಲ್ಲ. ದುಡ್ಡು ಕೇಳಿದರು. ಇಲ್ಲ.
ಮೂವತ್ತೊಂದನೆಯ ಸಾಲಿನಲ್ಲಿ ನಾನು:
ಓಲಿಟಾ ಬ್ರಾಂಡ್‌ವಲ್ಡ್. ಇಲ್ಲ.
ಆದರೆ ಹೇಳುವ ಮೊದಲು ಒಂದು ಕ್ಷಣ ತಡೆದರು.

ಅಗಿಯುತ್ತಿದ್ದೆ ಮಾರಾಯ್ತಿ, ಅಷ್ಟೆ.

ಅದನ್ನು ಅವಳಿಗೆ ಹೇಳಿಲ್ಲ.
ಆರುನೂರು ತಾಸಿನಲ್ಲಿ ಇನ್ನೂರಹನ್ನೆರಡು ಮುಗಿದಿದೆ.

ಇವತ್ತು ಇನ್ನೊಂದು ಕರೆ. ಎಳೆಯ ದನಿ, ಗಡಿಯಾಚೆಯ ಊರು,
ಜಾಗ, ಎಂದಿತು.
ಇಲ್ಲ ಎನ್ನಬೇಕು. ಕುರ್ಚಿ ಒಂದೇ.
ಬಾಯಲ್ಲಿ ಏನೂ ಇರಲಿಲ್ಲ.
ತಡೆದೆ.