ಎರಡು ತಾಸು ತಡ

ಐದಕ್ಕೆ ಫೋನು. ಡಿಪೋದಿಂದ ಕೊನ್ಸ್ವೆಲೊ, ಕೆಮ್ಮುತ್ತ:
"ಪ್ಲಾನ್ ಎ." ಅಂದರೆ ಶಾಲೆ ಎರಡು ತಾಸು ತಡ.
ಇವತ್ತಿಗೆ ಹತ್ತೊಂಬತ್ತು ದಿನ,
ಲಿಂಡ್ಸೆಯಲ್ಲಿ ಯಾರೂ ತಮ್ಮ ನೆರಳು ಕಂಡಿಲ್ಲ.

ಅಡುಗೆಮನೆ ಕಿಟಕಿಗೆ ಹೊರಗಿನಿಂದ ಯಾರೋ ಸುಣ್ಣ ಬಳಿದಿದ್ದಾರೆ.
ಹಿತ್ತಲಲ್ಲಿ ನಿಂಬೆಗಿಡ ಇದೆ ಎಂದು ನಂಬಿದ್ದೇನೆ.
ನಂಬಿ, ಅಕ್ಕಿ ತೊಳೆದ ನೀರನ್ನು ಆ ಕಡೆ ಚೆಲ್ಲುತ್ತೇನೆ.

ನಾನು ಬಳ್ಳಾರಿಯವಳು. ನಮ್ಮಲ್ಲಿ ಎರಡೇ ಕಾಲ:
ಬೇಸಿಗೆ, ಆಮೇಲೆ ಕಡುಬೇಸಿಗೆ.
ಕಾವಳ ಎಂಬ ಪದವನ್ನು ಶಾಲೆಯಲ್ಲಿ ಓದಿದ್ದೆ,
ಅರ್ಥ ಬರೆದು ಎರಡಕ್ಕೆ ಎರಡು ಅಂಕ ತಗೊಂಡಿದ್ದೆ.
ಈಗ ಅದರೊಳಗೆ ಬಸ್ಸು ಓಡಿಸುತ್ತೇನೆ.

ಹಿಂದೆ ಈ ಕಣಿವೆಯಲ್ಲೊಂದು ಕೆರೆ ಇತ್ತಂತೆ, ಕಡಲಿನಂಥದ್ದು,
ದಂಡೆಯುದ್ದಕ್ಕೂ ಜೊಂಡು. ಬತ್ತಿಸಿ ಹತ್ತಿ ಬಿತ್ತಿದರು.
ಮಂಜಿಗೆ ಮಾತ್ರ ಇನ್ನೂ ಆ ಜೊಂಡಿನ ಹೆಸರೇ.
ಸತ್ತವರ ಹೆಸರಿಗೆ ಬರುವ ಅಂಚೆಯ ಹಾಗೆ
ಡಿಸೆಂಬರಿಗೆ ಬಂದು ಬಾಗಿಲಲ್ಲಿ ಬೀಳುತ್ತದೆ,
ವಾಪಸು ಕಳಿಸೋಣವೆಂದರೆ ವಿಳಾಸವಿಲ್ಲ.

ಹದಿನೇಳನೆ ನಂಬರಿನ ಹಳದಿ ಬಸ್ಸಿಗೆ
ತನ್ನ ಮೂಗೇ ತನಗೆ ಕಾಣದು.
ರಸ್ತೆಯಂಚಿನ ಬಿಳಿಗೆರೆಯೊಂದನ್ನು
ಸಂತೆಯಲ್ಲಿ ಅವ್ವನ ಸೆರಗು ಹಿಡಿದಂತೆ ಹಿಡಿದು ಹೋಗುತ್ತೇನೆ.
ಕಣ್ಣು ಸೋತಲ್ಲಿ ವಾಸನೆ:
ಸಗಣಿ ಬಂತೋ, ಆವಿಲಾ ಅವರ ಡೈರಿ.
ಕಹಿ ಎಣ್ಣೆ, ಹಳೆಯ ಆಲಿವ್ ಕಾರ್ಖಾನೆ.
ಏನೂ ಬರದಿದ್ದರೆ ಕಿತ್ತಳೆ ತೋಟ,
ಚಳಿಯಲ್ಲಿ ಕಿತ್ತಳೆ ಬಾಯಿ ಬಿಡುವುದಿಲ್ಲ.
ಅಲ್ಲೊಂದು ಟಾರ್ಚು ಎಡಬಲ ಆಡಿದರೆ ಎಲಿಸಿಯೊನ ಅಪ್ಪ.
ಈ ವರ್ಷ ಅವನ ಮುಖ ನೋಡಿಲ್ಲ.
ಕೈಯನ್ನು ಎಲ್ಲಿ ಕಂಡರೂ ಗುರುತಿಸಿಯೇನು.

ಪಕ್ಕದ ಮನೆಯ ಇನಾಸಿಯೊನದು ಚೆರ್ರಿ ತೋಟ. ಅವನಿಗೆ ಖುಷಿ.
ಗೋಡೆಯ ಕ್ಯಾಲೆಂಡರಿನಲ್ಲಿ ಚಳಿಯ ತಾಸುಗಳನ್ನು
ಬಡ್ಡಿ ಲೆಕ್ಕದಂತೆ ಕೂಡಿಸುತ್ತಾನೆ. ಆರುನೂರ ಹನ್ನೊಂದು.
ಇಷ್ಟು ತಣ್ಣಗೆ ಮಲಗದಿದ್ದರೆ, ಅನ್ನುತ್ತಾನೆ,
ಮರಕ್ಕೆ ಹೂ ಬಿಡುವುದೇ ಮರೆತುಹೋಗುತ್ತದೆ.
ನಮ್ಮ ಭಾಷೆಯಲ್ಲಿ ಮಾಗಿ ಎಂದರೆ ಚಳಿಗಾಲ,
ಮಾಗಿ ಎಂದರೆ ಹಣ್ಣಾಗಿ, ಎಂದೆ.
ಅವನಿಗೆ ಹಿಡಿಸಿತು, ಕ್ಯಾಲೆಂಡರಿನ ಮೂಲೆಯಲ್ಲಿ ಬರೆದುಕೊಂಡ.
ನನಗೇನೂ ಹೂ ಬಿಡುವ ಸೂಚನೆಯಿಲ್ಲ. ಮೊಣಕಾಲು ನೋವು.
ಹಪ್ಪಳ ಒಣಗಿಲ್ಲ. ಪಂಪಾಪತಿಯ ಜೊತೆ ಜಗಳ,
ಯಾತಕ್ಕೆ ಶುರುವಾಯಿತೋ ಇಬ್ಬರಿಗೂ ನೆನಪಿಲ್ಲ.

ಭಾನುವಾರ ಬಿಸಿಲು ನೋಡಲು ಗುಡ್ಡ ಹತ್ತಿದೆವು.
ಸಾವಿರ ಅಡಿ ಮೇಲೆ, ಒಂದು ತಿರುವಿನಲ್ಲಿ, ಥಟ್ಟನೆ ನೀಲಿ.
ಪೆಟ್ರೋಲ್ ಬಂಕಿನ ಪಕ್ಕ ಹತ್ತಾರು ಕಾರು,
ಎಲ್ಲರೂ ಹಲ್ಲಿಗಳಂತೆ ಬಂಡೆಗೆ ಬೆನ್ನು ಕೊಟ್ಟು ಸುಮ್ಮನೆ.
ಕೆಳಗೆ ಕಣಿವೆ, ಗಡಿಗೆಯಲ್ಲಿ ಹೆಪ್ಪಾದ ಮೊಸರು.
ನಮ್ಮ ಮನೆ, ನನ್ನ ಬಸ್ಸು, ಅಷ್ಟೂ ಮಕ್ಕಳು ಅದರಡಿ.
ಬೆಚ್ಚಗಾಗಲು ಬಂದವಳಿಗೆ ಅಲ್ಲಿ ಕೂರಲಾಗಲಿಲ್ಲ.
ಎಮ್ಮೆ ಕೆರೆಗೆ ಇಳಿಯುವ ಹಾಗೆ
ಕಾರು ಮೊದಲು ಕಾಲು, ಹೊಟ್ಟೆ, ಆಮೇಲೆ ಕೊಂಬನ್ನೂ ಅದ್ದಿಕೊಂಡಿತು.

ಇವತ್ತು ರೈಲು ಹಳಿ.
ನಿಲ್ಲಿಸಿ, ಬಾಗಿಲು ತೆರೆದು, ಆಲಿಸಿ ದಾಟಬೇಕು, ಅದು ನಿಯಮ.
ಹೀಟರ್ ಆರಿಸಿದೆ. ಹಿಂದೆ ತಿರುಗಿ ಬೆರಳು ತುಟಿಗಿಟ್ಟೆ.
ಮೂವತ್ತೊಂದು ಮಕ್ಕಳು ಒಟ್ಟಿಗೆ ಸುಮ್ಮನಾದರು,
ಚಿಪ್ಸ್ ಪೊಟ್ಟಣ ಕೂಡ.
ತಂತಿಯಿಂದ ಹನಿಯೊಂದು ಹಳಿಗೆ ಬಿತ್ತು.
ದೂರದಲ್ಲಿ ನಾಯಿ, ಅಥವಾ ನಾಯಿಯ ನೆನಪು.
"ಏನು ಕೇಳ್ತಿದೆ?" ಹಿಂದಿನ ಸೀಟಿನಿಂದ ಗುರ್‌ನೂರ್, ಪಿಸುಮಾತಲ್ಲಿ.
ತಡಿ, ಎಂದೆ, ಕನ್ನಡದಲ್ಲೇ. ಅವಳಿಗೆ ತಿಳಿಯಿತು.
ಇನ್ನಷ್ಟು ಹೊತ್ತು ಕಿವಿಗೊಟ್ಟೆವು,
ಏನೂ ಬರುತ್ತಿಲ್ಲ ಎಂಬುದು
ಸ್ಪಷ್ಟವಾಗಿ ಕೇಳಿಸುವವರೆಗೆ.
ಆಮೇಲೆ ಮೊದಲ ಗೇರು.