ಕಂಸದೊಳಗಿನ ಸದ್ದು

ಟುರಿನ್, ನಾಲ್ಕನೇ ಮಹಡಿ, ಕಿಟಕಿಯಿಲ್ಲದ ಕೋಣೆ.
ಕಿವಿ ಕೇಳದವರಿಗೆ ಆಟವನ್ನು
ಅಕ್ಷರ ಮಾಡಿ ಕಳಿಸುವುದು ನನ್ನ ಕೆಲಸ.
ಪರದೆಯಡಿ ಎರಡು ಸಾಲು,
ಸಾಲಿಗೆ ಮೂವತ್ತೇಳು ಅಕ್ಷರ,
ತಡವಾದರೆ ಸಂಬಳದಲ್ಲಿ ಕಡಿತ.

ಹನ್ನೊಂದು ವರ್ಷದಲ್ಲಿ ಬೆರಳಿಗೇ ಬಾಯಿಪಾಠವಾಗಿದೆ:
ಲುದೊವಿಕೊ ಪಾಸು ಕೊಟ್ಟರೆ ಕಾಮೆಂಟ್ರಿಯವನು
'ಎಂಥಾ ತಲೆ!' ಅನ್ನುತ್ತಾನೆ.
ಎಬೋ ಅಸಾರೆ ಕೊಟ್ಟರೆ 'ಎಂಥಾ ತೊಡೆ!'
ಅದೇ ಪಾಸು, ಅದೇ ಇಪ್ಪತ್ತೆರಡು ಗಜ.
ಒಬ್ಬನದು ಲೆಕ್ಕಾಚಾರ, ಇನ್ನೊಬ್ಬನದು ಹುಟ್ಟುಗುಣ.

ಬ್ರೆಷಾದಲ್ಲಿ ಹುಟ್ಟಿದವನು ಎಬೋ, ಬೀಗ ಮಾಡುವವನ ಮಗ.
ನಾಲ್ವರ ನಡುವಿನ ಸಂದು ನೋಡಿ, ಕಾದು,
ಚೆಂಡನ್ನು ಕೀಲಿಯ ಹಾಗೆ ತೂರಿಸಿದ್ದನ್ನು
ನಾನೇ ಕಂಡಿದ್ದೇನೆ.
ಟೈಪಿಸಿದ್ದು ಮಾತ್ರ: ಕಾಡುಶಕ್ತಿ.

ಈ ಭಾನುವಾರ ಉತ್ತರದ ಗ್ಯಾಲರಿಯಿಂದ ಆ ಸದ್ದು ಎದ್ದಿತು.
ಮೊದಲು ಎರಡು ಮೂರು ಗಂಟಲು,
ಆಮೇಲೆ ಸಾಲಿಗೆ ಸಾಲೇ.
ಯಾವ ಪ್ರಾಣಿಯದೆಂದು ನಾನು ಬಿಡಿಸಿ ಹೇಳಬೇಕಿಲ್ಲ.
ಎಬೋ ಕಾರ್ನರ್ ಕಡೆ ನಡೆದಷ್ಟೂ ಅದು ಬೆಳೆಯಿತು.
ಕಾಮೆಂಟ್ರಿಯವನು ಹವೆಯ ಮಾತೆತ್ತಿದ,
ಸಂಜೆಗೆ ಚಳಿ ಹೆಚ್ಚಬಹುದಂತೆ.

ನಮ್ಮ ಕೈಪಿಡಿಯ ಒಂಬತ್ತನೇ ಪುಟದಲ್ಲಿ
ಕಂಸದೊಳಗೆ ಹಾಕಬಹುದಾದ ಸದ್ದುಗಳ ಪಟ್ಟಿಯಿದೆ.
ಚಪ್ಪಾಳೆ. ಸಿಳ್ಳೆ. ಹಾಡು. ಡೋಲು. ಗದ್ದಲ.
ಬೆರಳು ಎರಡು ಕ್ಷಣ ತಡೆಯಿತು,
ಮನೆ ಬಾಡಿಗೆ ನೆನಪಾಯಿತು.

(ಗದ್ದಲ)

ಎಬೋ ಒದೆಯಲಿಲ್ಲ.
ಚೆಂಡನ್ನೆತ್ತಿ ಕಂಕುಳಲ್ಲಿಟ್ಟುಕೊಂಡು
ಗ್ಯಾಲರಿಯನ್ನೇ ನೋಡುತ್ತ ನಿಂತ.
ರೆಫರಿ ಗಡಿಯಾರ ತೋರಿಸಿದ,
ಆಮೇಲೆ ಹಳದಿ ಕಾರ್ಡು, ಅವನಿಗೇ.
'ಈ ಜನಕ್ಕೆ ಮೂಗಿನ ತುದಿಯಲ್ಲೇ ಸಿಟ್ಟು.'
ಅದನ್ನೂ ಟೈಪಿಸಿದೆ, ಒಂದಕ್ಷರ ತಪ್ಪದಂತೆ.

ರಾತ್ರಿ ಟ್ರಿಯೆಸ್ಟೆಯಿಂದ ತಮ್ಮನ ಮೆಸೇಜು.
ಮೂರು ವರ್ಷದವನಿದ್ದಾಗಿನ ಜ್ವರದಲ್ಲಿ
ನೆವಿಯೊಗೆ ಕಿವಿ ಹೋಯಿತು;
ನಾನು ಈ ಕೆಲಸ ಹಿಡಿದದ್ದೇ ಅವನಿಗಾಗಿ ಎಂದು
ಅಮ್ಮ ಇವತ್ತಿಗೂ ಪಕ್ಕದ ಮನೆಯವರಿಗೆ ಹೇಳುತ್ತಾಳೆ.

'ಅಕ್ಕಾ, ಗದ್ದಲವಾದರೆ
ಒಬ್ಬೊಬ್ಬರ ಬಾಯಿ ಒಂದೊಂದು ಥರ ಇರುತ್ತದೆ.
ಕ್ಯಾಮೆರಾ ಆ ಕಡೆ ತಿರುಗಿದ್ದು ಒಂದೇ ಗಳಿಗೆ,
ಅಷ್ಟೂ ಬಾಯಿ ಗುಂಡಗಿದ್ದವು.
ನಿನಗೆ ಕೇಳಿಸಲಿಲ್ಲವಾ?'

ಏನು ಬರೆಯಲೆಂದು ಫೋನು ಹಿಡಿದು ಕೂತಿದ್ದೆ.
ಅಷ್ಟರಲ್ಲಿ ಇನ್ನೊಂದು ಬಂತು:

'ಮೂರನೇ ಸಾಲಿನಲ್ಲಿ ಒಬ್ಬ ಅಪ್ಪ
ತೊಡೆಯ ಮೇಲಿನ ಮಗುವಿಗೆ
ತುಟಿ ಹೇಗೆ ಮುಂದೆ ಮಾಡಬೇಕೆಂದು ತೋರಿಸುತ್ತಿದ್ದ.
ಬೇಗ ಕಲಿಯಿತು.'