ಚಿಲ್ಲರೆ

ಗ್ವಾಟೆಮಾಲಾ ನಗರದ ಹದಿನೆಂಟನೇ ವಲಯದಿಂದ
ನಸುಕಿನ ನಾಲ್ಕೂವರೆಗೆ ಹೊರಡುವ ಕೆಂಪು ಬಸ್ಸಿಗೆ
ನಾನು ಕಂಡಕ್ಟರು. ಹೆಸರು ಎಲೀಸೆಯೊ.
ನನಗಿಂತ ಮೊದಲಿದ್ದವನ ಹೆಸರು ಕೇಳಬೇಡಿ.
ಅವನ ಬಾಚಣಿಗೆ ಇನ್ನೂ ಡ್ಯಾಶ್‌ಬೋರ್ಡಿನ ಸಂದಿಯಲ್ಲಿದೆ,
ತೆಗೆಯೋಣವೆಂದರೆ ಯಾರ ಕೈಯೂ ಹೋಗುತ್ತಿಲ್ಲ.

ವಾರಕ್ಕೊಮ್ಮೆ ಹುಡುಗರು ಬಂದು ದುಡ್ಡು ಒಯ್ಯುತ್ತಾರೆ.
ಮಾಲೀಕ ತಡಮಾಡಿದ ವಾರ
ಚಾಲಕನೋ ನಾನೋ ಬಾಕಿ ತೀರಿಸಬೇಕು.

ರಾತ್ರಿ ಹೆಂಡತಿ ಮಲಗಿದ ಮೇಲೆ
ಬಚ್ಚಲ ಕನ್ನಡಿಯೆದುರು ತಾಲೀಮು ಮಾಡುತ್ತೇನೆ.
ಹಲ್ಲುಜ್ಜುವ ಬ್ರಷ್ಷೇ ಅವನ ಪಿಸ್ತೂಲು.
ಎಡಗೈಲಿ ಮಣಿಕಟ್ಟು ಹಿಡಿದು, ತಿರುಚಿ,
ಮೊಣಕಾಲಿಂದ ಹೊಟ್ಟೆಗೆ ಒಂದು.
ಅವನು ಬೀಳುತ್ತಾನೆ. ಪ್ರತಿ ರಾತ್ರಿಯೂ ಬೀಳುತ್ತಾನೆ.
ಬಸ್ಸಿನ ತುಂಬ ಚಪ್ಪಾಳೆ.
ಕೆಲವು ರಾತ್ರಿ ನಾನೇ ಸಾಯುತ್ತೇನೆ, ಆದರೆ ನಿಂತೇ,
ಒಂದು ಒಳ್ಳೆಯ ಮಾತಾಡಿ.
ಆ ಮಾತನ್ನು ಎಷ್ಟು ಸಲ ತಿದ್ದಿದ್ದೇನೋ!
"ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸು" ಅಂತ ಒಮ್ಮೆ,
"ಹೊಸ ಅಂಗಿ ಮಾರಾಯ, ತೂತು ಒಂದೇ ಸಾಕು" ಅಂತ ಇನ್ನೊಮ್ಮೆ.

ಮಂಗಳವಾರ ಬಂದ.
ನಿಲ್ದಾಣವಲ್ಲದ ಕಡೆ, ಕೈ ಅಡ್ಡ ಮಾಡಿ, ಎಲ್ಲರ ಹಾಗೆ.
ಹದಿನಾಲ್ಕೋ ಹದಿನೈದೋ. ಮೀಸೆಯ ಜಾಗದಲ್ಲಿ
ಬರೀ ಒಂದು ನೆರಳು.
ಜೇಬಿಗೆ ಕೈ ಹಾಕಿದ.
ನಾನು ಚಿಲ್ಲರೆಗೆಂದೇ ಕೈ ಚಾಚಿದೆ.

ಕೊಳವೆಯ ಬಾಯಿ ಇಷ್ಟು ಸಣ್ಣದೇ?
ನನ್ನ ಕನ್ನಡಿಯಲ್ಲಿ ದೊಡ್ಡದಿತ್ತು.
ಎಡಗೈ ಎಲ್ಲಿ? ಎಡಗೈ ಇರಲಿಲ್ಲ.
ಮೊಣಕಾಲಿದ್ದವು, ಎರಡೂ; ನೀರಾಗಿ ಇಳಿಯುತ್ತಿದ್ದವು.
ಕಂಡದ್ದು ಅವನ ಹೆಬ್ಬೆರಳಿನ ಉಗುರು,
ಕಚ್ಚಿ ಕಚ್ಚಿ ಮೊಂಡಾಗಿತ್ತು.
ಕೇಳಿದ್ದು ರೇಡಿಯೋದಲ್ಲಿ ಸೋಪಿನ ಜಾಹೀರಾತು.
ನೆನಪಾದದ್ದು ಹೆಂಡತಿಯಲ್ಲ, ದೇವರಲ್ಲ,
ಕುಡಿಯದೆ ಬಿಟ್ಟು ಬಂದ ಅರ್ಧ ಲೋಟ ಕಾಫಿ.
ತಿದ್ದಿ ತಿದ್ದಿ ಇಟ್ಟ ಮಾತಿನ ಬದಲು ಬಾಯಿಂದ ಬಂತು:
"ಹಿಂದೆ ಸೀಟು ಖಾಲಿ ಇದೆ, ಒಳಗೆ ನಡಿ."

ಆರು ವರ್ಷದಿಂದ ದಿನಕ್ಕೆ ನೂರು ಸಲ ಹೇಳಿದ್ದು.

ಟಿಕ್ ಅಂದಿತು.
ಇನ್ನೊಮ್ಮೆ, ಟಿಕ್.
ಅವನು ಪಿಸ್ತೂಲನ್ನು ನೋಡಿದ, ನನ್ನನ್ನು ನೋಡಿದ,
ಕೆಟ್ಟ ಆಟಿಕೆಯನ್ನು ಅಂಗಡಿಗೆ ವಾಪಸು ತಂದ ಮಗುವಿನ ಹಾಗೆ.
ಅವನ ಕಣ್ಣಲ್ಲೂ ಒಂದು ಬಚ್ಚಲ ಕನ್ನಡಿ ಒಡೆಯುತ್ತಿತ್ತು.
ಅವನೂ ತಾಲೀಮು ಮಾಡಿದ್ದ.
ಅದರಲ್ಲಿ ಬೀಳುತ್ತಿದ್ದವನು ನಾನು.

ಓಡುವ ಬಸ್ಸಿಂದ ಹಾರಿದ. ಮುಗ್ಗರಿಸಿ, ಎದ್ದು, ಕತ್ತಲಾದ.
ಮೆಟ್ಟಿಲ ಮೇಲೆ ಒಂಟಿ ಬೂಟು, ದಾರ ಕಟ್ಟದ್ದು.

ಮೂರು ನಿಲ್ದಾಣ ಯಾರೂ ಮಾತಾಡಲಿಲ್ಲ.
ನಾಲ್ಕನೆಯದರಲ್ಲಿ ತಮಾಲೆ ಮಾರುವ ದೊನ್ಯಾ ಚೋನಾ ಕೆಮ್ಮಿದಳು.
ಬಸ್ಸು ಪೇಟೆ ಮುಟ್ಟುವಷ್ಟರಲ್ಲಿ
ಸೀಟಿನಡಿ ತೂರಿದ್ದ ದರ್ಜಿ ಕ್ರಿಸಾಂತೊ
ಹುಡುಗನ ಕೊರಳಪಟ್ಟಿಗೇ ಕೈ ಹಾಕಿದ್ದ;
ದೊನ್ಯಾ ಚೋನಾ ಬಿಸಿ ಪಾತ್ರೆ ಎತ್ತಿ ಹಿಡಿದಿದ್ದಳು;
ಚಾಲಕ ಒಬ್ದೂಲಿಯೊ ಬೇಕೆಂದೇ ಬ್ರೇಕು ಒತ್ತಿದ್ದ.
ನನ್ನನ್ನಂತೂ ಅವರೇ ಹೊಗಳಿದರು:
"ಎಷ್ಟು ತಣ್ಣಗೆ ಹೇಳಿದ ನೋಡಿ, ಒಳಗೆ ನಡಿ ಅಂತ!
ಗುಂಡಿಗೆ ಅಂದ್ರೆ ಅದು."
ನಾನು ತಿದ್ದಲಿಲ್ಲ.
ಒಬ್ಬೊಬ್ಬರಿಗೂ ಮನೆಗೆ ಒಯ್ಯಲು ಏನಾದರೂ ಬೇಕಲ್ಲ.

ಸಂಜೆ ಬಸ್ಸು ತೊಳೆಯುವಾಗ ಗೊತ್ತಾಯಿತು,
ಬಲಗೈ ಇನ್ನೂ ಮುಚ್ಚಿಯೇ ಇದೆ.
ಒಂದೊಂದೇ ಬೆರಳು ಬಿಡಿಸಿದೆ, ಬೇರೆ ಯಾರದೋ ಮುಷ್ಟಿಯ ಹಾಗೆ.
ಒಂದು ಕೆತ್ಸಾಲ್. ದೊನ್ಯಾ ಚೋನಾಗೆ ಕೊಡಬೇಕಿದ್ದ ಚಿಲ್ಲರೆ.
ನಮ್ಮ ಆ ನಾಣ್ಯ ನೀವು ನೋಡಿರಲಿಕ್ಕಿಲ್ಲ:
ಪಾರಿವಾಳದ ಗೆರೆಯೊಳಗೇ ಹೆಣೆದು ಬರೆದ ಒಂದು ಪುಟ್ಟ ಪದ,
ಪಾಸ್. ಶಾಂತಿ ಅಂತ.
ಅಂಗೈಯಲ್ಲಿ ಅದು ಉಲ್ಟಾ ಮೂಡಿತ್ತು, ಕೆಂಪಗೆ.

ರಾತ್ರಿ ಕನ್ನಡಿಯೆದುರು ಬ್ರಷ್ಷು ಹಿಡಿದು ನಿಂತೆ.
ಹಲ್ಲುಜ್ಜಿದೆ.
ಬಾಯಿ ಮುಕ್ಕಳಿಸುವಾಗ ಹಿಂದಿನಿಂದ ಟಿಕ್ ಅಂದಿತು.
ನಲ್ಲಿ.
ಬರೀ ನಲ್ಲಿ, ಅಂತ ತಿಳಿಯುವಷ್ಟರಲ್ಲಿ
ನಾನಾಗಲೇ ನೆಲದ ಮೇಲೆ ಕೂತಿದ್ದೆ.